ನಲವತ್ತೊಂದನೆಯ ಕುರಿ

ಜಾಗ ಬದಲಾದರೆ ನನಗೆ ಮನುಷ್ಯರ ಗುರುತೇ ಸಿಗುವುದಿಲ್ಲ. ಹೊನ್ನಾಳಿಯ ಬ್ಯಾಂಕಿನಲ್ಲಿ ಗಾಜಿನ ಹಿಂದೆ ಕೂರುವ ಕ್ಯಾಷಿಯರ್ ಒಮ್ಮೆ ಮದುವೆಮನೆಯಲ್ಲಿ ನನ್ನ ಎಲೆಯ ಮುಂದೆ ನಿಂತು ನಕ್ಕಾಗ, ಬಡಿಸುವವರೆಂದು ತಿಳಿದು "ಇನ್ನೊಂದು ಹೋಳಿಗೆ ಹಾಕ್ರಿ" ಎಂದುಬಿಟ್ಟಿದ್ದೆ. ಪಾಪ, ತಂದು ಹಾಕಿದರು. ದನಕರುಗಳಿಗೆ ಲಸಿಕೆ ಹಾಕುವ ಕೆಲಸ ನನ್ನದು. ಈಚೆಗೆ ನನ್ನ ಫೋನಿಗೊಂದು ಆ್ಯಪ್ ಬಂದಿದೆ. ಕ್ಯಾಮೆರಾಕ್ಕೆ ಕಂಡದ್ದರ ಜೊತೆ ನಿಂತ ಜಾಗವನ್ನೂ ನೋಡಿ ಅದು ಪ್ರಾಣಿಯನ್ನು ಗುರುತಿಸುತ್ತದಂತೆ. ಕೇಳಿದ ಕೂಡಲೇ ಅದರ ಮೇಲೆ ಒಡಹುಟ್ಟಿದವರ ಮೇಲಿನಷ್ಟೇ ಪ್ರೀತಿ ಬಂತು.

ಮೊದಲು ಹೋದದ್ದು ಸೊಕ್ಕೆಯ ಕುರಿಗಾಹಿ ಹನುಮಂತಪ್ಪನವರ ಮಂದೆಗೆ. ಮಾರನೆಯ ದಿನ ಅವರು ಸಾಸ್ವೆಹಳ್ಳಿಗೆ ಹೊರಡಬೇಕಿತ್ತು. ಕೊಯ್ಲಾದ ಗದ್ದೆಯಲ್ಲಿ ಗೊಬ್ಬರಕ್ಕೆಂದು ರಾತ್ರಿ ಹೊತ್ತು ಕುರಿ ಕೂಡಿಹಾಕಿ ತರುಬುವ ಮಾತಾಗಿತ್ತು. ಲಸಿಕೆಯ ಚೀಟಿ ಇಲ್ಲದಿದ್ದರೆ ಗದ್ದೆಯವರು ಒಳಗೆ ಬಿಡುವುದಿಲ್ಲ. ಎಲ್ಲ ಕುರಿಗೂ ಲಸಿಕೆಯಾಯಿತೆಂದು ಖಾತ್ರಿಯಾದರೆ ಮಾತ್ರ ಆ್ಯಪ್ ಆ ಚೀಟಿ ಕೊಡುತ್ತದೆ. ಬೆರಳಿಟ್ಟು ಎಣಿಸಿದರೆ ಕುರಿಗೆ ದೃಷ್ಟಿಯಾಗುತ್ತದೆಂದು ಹನುಮಂತಪ್ಪ ನನ್ನನ್ನು ತಡೆದದ್ದರಿಂದ, ಫೋನನ್ನು ಬೇಲಿಗೆ ಕಟ್ಟಿ ಎಣಿಕೆಯನ್ನು ಅದಕ್ಕೇ ವಹಿಸಿದೆ. ಹನಿ ಶುರುವಾಯಿತು. ಅವರು ತಮ್ಮ ಕಂಬಳಿಯನ್ನೇ ಮಡಚಿ ನನ್ನ ತಲೆಯ ಮೇಲಿಂದ ಕೊಪ್ಪೆ ಹಾಕಿದರು. ಇದ್ದ ನಲವತ್ತು ಕುರಿಗೂ ಚುಚ್ಚಿ ಬಂದು ನೋಡಿದರೆ ಫೋನು, "ನಲವತ್ತೊಂದು ಕುರಿ. ಒಂದಕ್ಕೆ ಲಸಿಕೆ ಬಾಕಿ" ಎನ್ನುತ್ತಿದೆ. ಕೆಂಪು ಚೌಕಟ್ಟು ನನ್ನ ಮುಖದ ಸುತ್ತ ಇತ್ತು.

ಕಂಬಳಿ ತೆಗೆದೆ. "ಉಣ್ಣೆ ಕತ್ತರಿಸಿದ ಕುರಿ" ಎಂದಿತು. ಬೇಲಿ ದಾಟಿ ನಿಂತೆ. "ಕುರಿ ತಪ್ಪಿಸಿಕೊಂಡಿದೆ" ಎಂದು ಕೂಗತೊಡಗಿತು.

"ಚೀಟಿ ಇಲ್ದೆ ನಾವು ಹೋಗಾಕೆ ಆಗಲ್ರೀ ಸಾರ್. ಒಂದು ಸೂಜಿ ತಾನೇ, ಹಾಕ್ಕೊಂಬಿಡ್ರಿ," ಎಂದರು ಹನುಮಂತಪ್ಪ.

"ನನಗೆ ಸೂಜಿ ಅಂದ್ರೆ ಭಯ ಕಣ್ರೀ."

"ಕುರಿಗೂ ಹಂಗೇ ರೀ. ನಾನು ಹಿಡ್ಕೊಂತೀನಿ."

ಕೊನೆಗೆ ಖಾಲಿ ಸಿರಿಂಜನ್ನು ತೋಳಿಗೆ ಒತ್ತಿಕೊಂಡು ಫೋನಿನ ಮುಂದೆ ಬಗ್ಗಿ ನಿಂತೆ. ಚೀಟಿ ಬಂತು. ಅದರಲ್ಲಿ ನಲವತ್ತೊಂದು ಎಂದಿತ್ತು. ಹನುಮಂತಪ್ಪನವರ ಮುಖ ಬಾಡಿತು. "ಗದ್ದೆ ಯಜಮಾನ್ರು ಚೀಟಿ ಹಿಡ್ದು ಎಣಿಸ್ತಾರ್ರಿ. ಒಂದು ಕಮ್ಮಿ ಬಂದ್ರೆ ರೋಗದಾಗೆ ಸತ್ತೈತೆ ಅಂತ ಮಂದೇನೇ ವಾಪಸ್ ಕಳಿಸ್ತಾರೆ. ನೀವು ಬರಾಕೇ ಬೇಕು."

ತಪ್ಪು ನನ್ನ ಫೋನಿನದು. ವಾರವಿಡೀ ನಡೆದು ಮಂದೆ ಗದ್ದೆ ಮುಟ್ಟುವ ದಿನ ನಾನು ಬಸ್ ಹತ್ತಿ ಸಾಸ್ವೆಹಳ್ಳಿಗೆ ಹೋಗಿ, ಕಂಬಳಿ ಹೊದ್ದು, ಮಂದೆಯ ನಡುವೆ ಮಂಡಿಯೂರಿದೆ. ಚೀಟಿ ಹಿಡಿದು ಬಂದ ಯಜಮಾನರನ್ನು ನೋಡಿ ಕಂಬಳಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಅದೇ ಕ್ಯಾಷಿಯರ್! ಜೀವನದಲ್ಲಿ ಮೊದಲ ಸಲ, ಜಾಗ ಬದಲಾದರೂ ನನಗೆ ಒಬ್ಬರ ಗುರುತು ಸಿಕ್ಕಿತ್ತು.

ಅವರು ನನ್ನ ಮುಖವನ್ನೇ ತುಸು ಹೊತ್ತು ನೋಡಿದರು. "ನಲವತ್ತೊಂದು. ಸರಿ ಐತೆ," ಎಂದು ಚೀಟಿ ಮಡಚಿ ಹನುಮಂತಪ್ಪನವರ ಕಡೆ ತಿರುಗಿದರು. "ಇದಕ್ಕೆ ಇನ್ನೊಂದು ಹಿಡಿ ಸೊಪ್ಪು ಹಾಕ್ರಿ."

ಪಾಪ, ತಂದು ಹಾಕಿದರು.