ಮೂಲೆ ಸಾರ್‌ನ ಖಾಲಿ ಸಾಲು

ಮೂಲೆ ಸಾರ್ ಅಂದು ಬೆಳಿಗ್ಗೆ ಕೋಷ್ಟಕದಲ್ಲಿ ತನ್ನ ಸಾಲನ್ನು ನೋಡಬಾರದಿತ್ತು. ನೋಡಿದ, ಅಲ್ಲಿಂದಲೇ ಗ್ರಹಚಾರ ಶುರುವಾಯಿತು.

ಹನ್ನೊಂದು ವರ್ಷದಿಂದ ಆಫೀಸಿನ ಮೂಲೆಯಲ್ಲಿ ಕೂತು ಲೆಕ್ಕ ಮಾಡುವವನಿಗೆ ಆ ಹೆಸರು ತಾನಾಗಿ ಅಂಟಿಕೊಂಡಿತ್ತು. ಮೂರು ಸಾವಿರ ನೌಕರರಲ್ಲಿ ಯಾರು ಯಾರಿಗೆ ಕಳೆದ ಆರು ತಿಂಗಳಲ್ಲಿ ಕಂಪ್ಯೂಟರಿನಲ್ಲಿ ಎಷ್ಟು ಮೆಸೇಜು ಕಳಿಸಿದ್ದಾರೆಂದು ಸಾಹೇಬರು ಅವನಿಂದ ಕೋಷ್ಟಕ ಮಾಡಿಸಿದ್ದರು. ಉದ್ದಕ್ಕೆ ಮೂರು ಸಾವಿರ ಹೆಸರು, ಅಡ್ಡಕ್ಕೂ ಅವೇ. ಎರಡು ಹೆಸರು ಕೂಡುವ ಮನೆಯಲ್ಲಿ ಮೆಸೇಜುಗಳ ಸಂಖ್ಯೆ; ಅಂಥ ತೊಂಬತ್ತು ಲಕ್ಷ ಮನೆಗಳಲ್ಲಿ ಬಹುತೇಕ ಸೊನ್ನೆ. ಆ ದೈತ್ಯ ಕೋಷ್ಟಕವನ್ನು ಎರಡು ತೆಳ್ಳನೆಯ ಕೋಷ್ಟಕಗಳಾಗಿ ಒಡೆದರೆ, ಅವುಗಳ ಗುಣಲಬ್ಧ ಹೆಚ್ಚುಕಡಿಮೆ ಮೊದಲಿನದೇ. ಲಾಭವೆಂದರೆ, ಒಳಗೆ ಅಡಗಿದ್ದ ಇಪ್ಪತ್ತು ಗುಂಪುಗಳು ಹೊರಬೀಳುತ್ತವೆ, ಪ್ರತಿ ಗುಂಪಿನಲ್ಲೂ ಪ್ರತಿಯೊಬ್ಬನಿಗೆ ಇಷ್ಟು ಅಂಕವೆಂದು ಸಿಗುತ್ತದೆ. ಆ ಅಂಕ ನೋಡಿ ಸಾಹೇಬರು ಸಂಜೆ ನೂರು ಜನರನ್ನು ಮನೆಗೆ ಕಳಿಸುವವರಿದ್ದರು.

ಮೂಲೆ ಸಾರ್‌ನ ಸಾಲು ಪೂರ್ತಿ ಸೊನ್ನೆ. ಆರು ತಿಂಗಳಲ್ಲಿ ಒಂದು ನರಪಿಳ್ಳೆಯೂ ಅವನಿಗೆ ‘ಊಟ ಆಯ್ತಾ’ ಎಂದು ಬರೆದಿರಲಿಲ್ಲ, ಅವನೂ ಬರೆದಿರಲಿಲ್ಲ. ಅವನಿಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಈ ವಯಸ್ಸಿನಲ್ಲಿ ಕೆಲಸ ಹೋದರೆ ಹೆಂಡತಿಗೆ ಯಾವ ಮುಖ ತೋರಿಸುವುದು? ಅಂಕಿ ತಿದ್ದಲು ಕೈ ಬರಲಿಲ್ಲ. ಬದಲಿಗೆ, ಸಾಲು ತುಂಬಲೆಂದು ಮೂರು ಸಾವಿರ ಜನರಿಗೂ ಒಂದೇ ಏಟಿಗೆ ಬರೆದ: ‘ಹೇಗಿದ್ದೀರಿ? ನಿಮ್ಮ ನೆನಪಾಗುತ್ತಿರುತ್ತದೆ.’

ಪಕ್ಕದ ಮೇಜಿನ ರೇಡಿಯೋ ಅಕ್ಕ ತಕ್ಷಣ ಕುರ್ಚಿ ಎಳೆದುಕೊಂಡಳು. ಅವಳು ಜನ್ಮದಲ್ಲಿ ಒಂದು ಮೆಸೇಜೂ ಬರೆದವಳಲ್ಲ, ಬಾಯಿಯೇ ಸಾಕಿತ್ತು.

“ಏನ್ಸಾರ್ ಇದ್ದಕ್ಕಿದ್ದಂಗೆ? ಡಾಕ್ಟ್ರು ಏನಾದ್ರೂ ಹೇಳಿದ್ರಾ?”

“ಏನಿಲ್ಲಮ್ಮ.”

“ಬಿಡಿ, ಅರ್ಥ ಆಯ್ತು.”

ಗಂಟೆಯೊಳಗೆ ನಾಲ್ಕೂ ಮಹಡಿಗೆ ಸುದ್ದಿ: ಮೂಲೆ ಸಾರ್‌ಗೆ ಇನ್ನು ಮೂರೇ ತಿಂಗಳು. ‘ಧೈರ್ಯವಾಗಿರಿ’ ಎಂಬ ಉತ್ತರಗಳು ಸುರಿದವು. ಎಂದೂ ಮುಖ ನೋಡದ ಹೆಡ್ ಗುಮಾಸ್ತ ಬಂದು ಕೈಹಿಡಿದು ಅತ್ತ. ಒಂದೊಂದು ಉತ್ತರಕ್ಕೂ ಒಂದೊಂದು ಮನೆ ತುಂಬುತ್ತಿತ್ತಲ್ಲ, ಇವನು ಸುದ್ದಿ ಸುಳ್ಳೆನ್ನಲು ಹೋಗಲಿಲ್ಲ. ಸಾಯುತ್ತಾನೆಂದರೆ ಮಾತ್ರ ಜನ ಬರೆಯುತ್ತಾರೆ ಎಂದು ಒಳಗೊಳಗೇ ಮನಸ್ಸು ಕಹಿಯಾಯಿತು.

ನಾಲ್ಕಕ್ಕೆ ಮತ್ತೆ ಲೆಕ್ಕ ಓಡಿಸಿದ. ಇಪ್ಪತ್ತು ಗುಂಪಿನಲ್ಲೂ ಅವನದೇ ಮೊದಲ ಅಂಕ. ಪಟ್ಟಿ ಹಿಡಿದು ಎದೆಯುಬ್ಬಿಸಿ ಸಾಹೇಬರ ಮುಂದೆ ನಿಂತ.

“ಭೇಷ್. ಮೇಲಿನ ನೂರು ಜನ ಇವತ್ತೇ ಹೊರಗೆ.”

“ಕೆಳಗಿನವರಲ್ವಾ ಸಾರ್?”

“ಕೆಲ್ಸ ಮಾಡೋರಿಗೆ ಮೆಸೇಜ್ ಹಾಕೋಕೆ ಪುರುಸೊತ್ತೆಲ್ರೀ? ಹರಟೆ ಹೊಡೆಯೋರನ್ನ ಹಿಡಿಯೋಕೇ ಈ ಲೆಕ್ಕ ಮಾಡ್ಸಿದ್ದು. ಮೊದಲನೇ ಹೆಸರು ನಿಮ್ಮದೇ ಇದೆಯಲ್ರೀ.”

ಅವನು ಮೂಲೆಗೆ ಬಂದು ಡಬ್ಬಿ, ಕನ್ನಡಕ ಚೀಲಕ್ಕೆ ತುಂಬುವಾಗ ರೇಡಿಯೋ ಅಕ್ಕ ದೊಡ್ಡದೊಂದು ಬೀಳ್ಕೊಡುಗೆ ಕಾರ್ಡು ಕೊಟ್ಟಳು. ಮಧ್ಯಾಹ್ನವೇ ಮಹಡಿ ಮಹಡಿ ಸುತ್ತಿ ಸಹಿ ಹಾಕಿಸಿದ್ದಳಂತೆ.

“ಸಾರ್, ನಿಮ್ಮ ಜಾಗ ಸಾಹೇಬ್ರು ನಂಗೆ ಕೊಟ್ಟಿದ್ದಾರೆ,” ಎಂದಳು ಕಣ್ಣೊರೆಸಿಕೊಂಡು. “ಪಟ್ಟೀಲಿ ನಂದು ಕಟ್ಟಕಡೇ ಹೆಸರಂತೆ. ಇಡೀ ಆಫೀಸಲ್ಲಿ ಯಾರ ಜೊತೆನೂ ಮಾತಾಡ್ದೆ ಕೆಲ್ಸ ಮಾಡೋಳು ನಾನೊಬ್ಳೇ ಅಂತೆ.”