ಕಾಕಾ ಹೊಲಿದ ಕೌದಿ

ನಮ್ಮ ಕಾಕಾ ಜನ್ಮದಲ್ಲಿ ಒಮ್ಮೆಯೂ ತಪ್ಪು ಮಾಡಿದವನಲ್ಲ. ನಂಬಿಕೆ ಬಾರದಿದ್ದರೆ ಅವನನ್ನೇ ಕೇಳಿ! ಬಿತ್ತಿದ ಕಡಲೆ ಏಳದಿದ್ದರೆ ಅದು ಮಳೆಯ ತಪ್ಪು, ಬಂಡಿ ಹಾದಿ ಬಿಟ್ಟರೆ ಎತ್ತಿನ ತಪ್ಪು, ತಾನು ಎಡವಿ ಬಿದ್ದರೆ ಹೊಸ್ತಿಲು ಕೂರಿಸಿದ ಬಡಿಗನ ತಪ್ಪು. ಇಂಥವನು ಎಪ್ಪತ್ತರ ದಶಕದಲ್ಲಿ ಒಂದು ವರ್ಷ ಪೂರ್ತಿ ಶಲವಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಕೌದಿ ಹೊಲಿದ. ಹೌದು, ಗಂಡಸು, ಕೌದಿ! ಮೇಲೆ ಗಿರಿಜಾ ಮೀಸೆ ಬೇರೆ.

ಇದಕ್ಕೆಲ್ಲ ಕಾರಣ ನಮ್ಮ ಕಾಕಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಆಕೆ ಹೊಲಿದ ಕೌದಿಯನ್ನು ಸುತ್ತ ನಾಲ್ಕು ಊರಿನ ಹೆಂಗಸರು ಬಂದು ಸವರಿ ನೋಡಿ ಹೋಗುತ್ತಿದ್ದರು. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನಲ್ಲಿ. ಕೂಸು ಅಪ್ಪನ ಮನೆಗೆ ಹೊರಡುವಾಗ ತೊಟ್ಟಿಲ ಜೊತೆ ಅಜ್ಜಿಯ ಕೈಯ ಕೌದಿ ಹೋಗಲೇಬೇಕು. ಇದ್ದೊಬ್ಬ ಮಗಳ ಮದುವೆಯಾದ ವರ್ಷವೇ ಕಾಕಿಯ ಕಣ್ಣು ಮಬ್ಬಾದವು. ಸೂಜಿಯ ಕಣ್ಣಿರಲಿ, ಎದುರಿಗಿದ್ದ ಕಂಬವೂ ಸರಿಯಾಗಿ ಕಾಣದಾಯಿತು.

"ಬೀಗರ ಮನಿಗೆ ಪ್ಯಾಟಿ ಚಾದರ ಕಳಸೂದಾತಲ್ಲ ನನ್ನ ಹಣೇಬಾರ!" ಎಂದು ಆಕೆ ಉಣ್ಣದೆ ಕೂತುಬಿಟ್ಟಳು. ಕಾಕಾ ಒಂದು ದಿನ ನೋಡಿದ, ಎರಡು ದಿನ ನೋಡಿದ, ಮೂರನೆಯ ದಿನ ಮೀಸೆ ತಿರುವಿದ.

"ನೀ ಹೇಳಿಕೊಡು, ನಾ ಹೊಲಿತೀನಿ. ಏನ್ ಮಹಾ ವಿದ್ಯಾ ಅದು!"

ಚಾದಂಗಡಿಯಲ್ಲಿ ಕೂತವರು ಸುಮ್ಮನೆ ಬಿಡುತ್ತಾರೆಯೇ? "ಕೂಸ ಎಲ್ಲೈತ್ರಿ ಕಾಕಾರ, ಇನ್ನೂ ಸುದ್ದಿನ ಇಲ್ಲ!" ಎಂದರು. "ಕೌದಿ ಆಗ್ಲಿ ತಡೀರಿ, ಅದನ್ನ ಹುಡುಕ್ಕೊಂತ ಕೂಸು ತಾನ ಬರ್ತೈತಿ!" ಎಂದ ನಮ್ಮ ಕಾಕಾ.

ಜೋಳದ ಚೀಲ ಹೊಲಿದು ಪಳಗಿದ ಕೈ. ದಬ್ಬಣಕ್ಕೆ ಸುತಳಿ ಪೋಣಿಸಿ ಗೇಣುದ್ದದ ಹೊಲಿಗೆ ಹಾಕಿದ. ಸಂಜೆ ಕಾಕಿ ಬೆರಳಾಡಿಸಿ ಕೇಳಿದಳು: "ಇದನ್ನ ಕೂಸಿಗೆ ಹೊಚ್ಚೂದೋ, ಇದರಾಗ ಕೂಸಿನ್ನ ತುಂಬೂದೋ? ಬಿಚ್ಚರಿ!"

ತಪ್ಪು ಯಾರದು? ದಬ್ಬಣದ್ದು! ಸಣ್ಣ ಸೂಜಿ ಬಂತು. ಆದರೆ ರೈತನಲ್ಲವೇ, ಕೌದಿಯನ್ನು ಹೊಲ ಉತ್ತ ಹಾಗೆ ಹೊಲಿದ. ಆ ತುದಿಯಿಂದ ಈ ತುದಿಗೆ ಒಂದು ಸಾಲು, ಅಲ್ಲಿ ಹೊರಳಿ ಮತ್ತೊಂದು ಸಾಲು. ಕೌದಿಗೆ ಆ ಲೆಕ್ಕ ನಡೆಯುವುದಿಲ್ಲ. ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಹದಿನೈದು ದಿನದಲ್ಲಿ ಅರಿವೆಯೆಲ್ಲ ಒಂದು ಮಗ್ಗುಲಿಗೆ ಸರಿದು ಗುಡ್ಡೆಯಾಯಿತು.

"ಹೊಲಕ್ಕ ಒಡ್ಡೂ ಹಾಕೀರಿ ಅನ್ರಿ! ಬಿಚ್ಚರಿ!" ಎಂದಳು ಕಾಕಿ.

ಇನ್ನು ನನ್ನ ಪಾಡು ಕೇಳಿ. ಆಗಷ್ಟೇ ಮಾಸ್ತರಿಕೆ ಸಿಕ್ಕು, ಹುಬ್ಬಳ್ಳಿಗೆ ಹೋಗಿ ಟೆರಿಲೀನ್ ಬೆಲ್‌ಬಾಟಂ ಹೊಲಿಸಿಕೊಂಡಿದ್ದೆ. ಒಂದು ಮುಂಜಾನೆ ನೋಡಿದರೆ ಮೊಣಕಾಲಿನಿಂದ ಕೆಳಗೆ ಪ್ಯಾಂಟೇ ಇಲ್ಲ!

"ಕಾಲಿಗೆ ಅಷ್ಟ ಅರಿವಿ ಯಾಕ ಬೇಕಲೇ ನಿನಗ? ಎರಡು ಕೂಸಿಗೆ ಆಗ್ತೈತಿ!" ಎಂದು ಕಾಕಾ ನನಗೇ ಬೈದ. ಕಾಕಿ ಮುಟ್ಟಿ ನೋಡಿ, "ಟೆರಿಲೀನ್ ಬೆವರು ಹೀರೂದಿಲ್ರಿ, ಕೂಸಿನ ಮೈ ಕೆಂಪಾಗ್ತೈತಿ. ಬಿಚ್ಚರಿ!" ಎಂದಳು. ಪ್ಯಾಂಟಿನ ತುಂಡುಗಳು ನನಗೆ ಗೌರವದಿಂದ ವಾಪಸ್ಸು ಬಂದವು. ತಗೊಂಡು ಏನು ಮಾಡಲಿ?

ಒಂದು ದಿನ ಊರ ಹಿರಿಯರು ಬಂದರೆಂದು ಕಾಕಾ ದಡಕ್ಕನೆ ಎದ್ದ. ಕೌದಿಯೂ ಎದ್ದಿತು! ತೊಡೆಯ ಮೇಲೆ ಹರವಿಕೊಂಡು ಹೊಲಿಯುತ್ತ ಉಟ್ಟ ಧೋತರವನ್ನೂ ಸೇರಿಸಿ ಹೊಲಿದುಬಿಟ್ಟಿದ್ದ. "ಕುಂದರ್ರಿ, ಕುಂದರ್ರಿ, ನೀವು ಏಳೂದು ಬ್ಯಾಡ," ಎಂದು ಹಿರಿಯರು ಗಾಬರಿಯಾದರು. ಅವರು ಹೋದ ಮೇಲೆ ಕಾಕಾ ಧೋತರದ ಹೊಲಿಗೆ ಬಿಚ್ಚುತ್ತ, ತಗ್ಗಿದ ದನಿಯಲ್ಲಿ ಹೇಳಿದ: "ನಂದ ತಪ್ಪಾತು."

"ಏನಂದ್ರಿ?" ಕಾಕಿ ಬೆಚ್ಚಿದಳು. "ಕಣ್ಣಷ್ಟ ಹೋಗ್ಯಾವ ಅನ್ಕೊಂಡಿದ್ದೆ, ಕಿವಿನೂ ಹ್ವಾದವೇನ ನನ್ನವು!"

ಅಂದಿನಿಂದ ಅವನಿಗೆ ಬಿಚ್ಚುವುದೇ ಒಂದು ಚಟವಾಯಿತು. ಚಾದಂಗಡಿಯಲ್ಲಿ ಉಪದೇಶ ಬೇರೆ: "ಹೊಲಿಯೂದು ಯಾರರ ಹೊಲಿತಾರ. ಬಿಚ್ಚೂದು ಕಲೀರಿ ಮದ್ಲ!" ಬದುವಿನ ಸಲುವಾಗಿ ಐದು ವರ್ಷದಿಂದ ಮಾತು ಬಿಟ್ಟಿದ್ದ ಬಾಜೂ ಹೊಲದವನ ಮನೆಗೂ ಹೋದ.

"ನಿನ್ನ ಕೂಡ ಒಂದು ಹೊಲಿಗಿ ತಪ್ಪೈತಿ, ಬಿಚ್ಚಾಕ ಬಂದೀನಿ."

ಆತ ಕಣ್ಣು ಪಿಳಿಪಿಳಿ ಬಿಟ್ಟು, "ಆತು, ಮದ್ಲ ಚಾ ಕುಡಿಯೋ ಮಾರಾಯಾ," ಎಂದ.

ಕೂಸು ನಿಜಕ್ಕೂ ಬಂತು, ಹೆಣ್ಣು ಕೂಸು. ಕೌದಿಯೂ ಮುಗಿಯಿತು. ಕಾಕಿ ಅಂಚಿನಿಂದ ನಡುವಿನ ತನಕ ಬೆರಳಾಡಿಸಿದಳು, ಬಿಚ್ಚರಿ ಎನ್ನಲಿಲ್ಲ. ಛಲೋ ಆಗೈತಿ ಎಂದೂ ಅನ್ನಲಿಲ್ಲ. ಕಾಕಾ ಎರಡು ದಿನ ಆಕೆಯ ಸುತ್ತಲೇ ಸುಳಿದಾಡಿ ಸೋತ.

ತಾಯಿ ಮಗುವನ್ನು ಕರೆದೊಯ್ಯಲು ಯರಗುಪ್ಪಿಯಿಂದ ಬೀಗರು ಬಂದರು. ಬೀಗತಿ ಕೌದಿ ಹರವಿ, ಅಂಗೈಯಿಂದ ಸವರಿ, "ಕಣ್ಣು ಹ್ವಾದ್ರೇನಾತು ಬೀಗರ, ನಿಮ್ಮ ಕೈ ಮಾತ್ರ ಹಂಗ ಐತಿ ನೋಡ್ರಿ!" ಎಂದಳು.

ಮುಗಿಯಿತು ಎಂದುಕೊಂಡೆ. ಅಣ್ಣಿಗೇರಿ ಸಂತೆಯವರೆಗೂ ತನ್ನ ಹೊಲಿಗೆಯ ಡಂಗುರ ಹೊಡೆದವನು ಈಗ ಬಿಡುತ್ತಾನೆಯೇ? ಆದರೆ ಆ ಮಾತು ಕೇಳಿ ಕಾಕಿಯ ಮುಖ ಅರಳಿತ್ತು. ವರ್ಷದಿಂದ ಅರಳದ ಮುಖ. ಕಾಕಾ ಅದನ್ನು ನೋಡಿದ.

"ಹೌದ್ರಿ ಬೀಗರ, ಕೈ ಅಂದ್ರ ಆಕಿದು. ನಾ ಬರೇ ಸೂಜಿಗೆ ದಾರ ಹಾಕಿಕೊಟ್ಟೆ."

"ಸುಳ್ಳ್ರಿ!" ಎಂದಳು ಕಾಕಿ. "ಪೂರಾ ಇವ್ರ ಹೊಲಿದಾರ. ಒಂದೊಂದು ಹೊಲಿಗಿ ಮೂರ ಮೂರ ಸಲ ಬಿಚ್ಚಿಸೀನಿ, ಒಂದಿನ ಬ್ಯಾಸರಾ ಮಾಡ್ಕೊಂಡಿಲ್ಲ. ನನ್ನ ಕೈ ಎಂದೂ ಇಷ್ಟು ಛಲೋ ಇರ್ಲಿಲ್ರಿ."

ಕಾಕಾ ಬೀಗರ ಎದುರಿಗೇ, ಯಾವ ನಾಚಿಕೆಯೂ ಇಲ್ಲದೆ, ಕಾಕಿಯ ಕೈ ಹಿಡಿದುಕೊಂಡು ಹೋ ಎಂದು ಅತ್ತುಬಿಟ್ಟ.