ಅಪ್ಪನ ಅಪ್ಪಣೆ ಇಲ್ಲದೆ

ಎಲ್ಲ ಎಡವಟ್ಟಿಗೂ ಮ್ಯಾನೇಜರು ಬುಧವಾರ ಆಡಿದ ಒಂದು ಮಾತೇ ಕಾರಣ. "ದೂರದ ಊರಲ್ಲಿ ಹೊಸ ಗೋದಾಮು ತೆಗೀತಿದ್ದೀವಿ. ಉಸ್ತುವಾರಿ ನಿನಗೇ ಕೊಡೋಣ ಅಂತಿದ್ದೀನಿ. ನಾಳೆ ಸಂಜೆ ಐದಕ್ಕೆ ಅಲ್ಲಿಂದಲೇ ಫೋನ್ ಮಾಡ್ತೀನಿ. ಬರ್ತೀಯೋ ಇಲ್ವೋ ಹೇಳಿಬಿಡು."

ಟೈಲ್ಸ್ ಗೋದಾಮಿನಲ್ಲಿ ಹನ್ನೊಂದು ವರ್ಷದಿಂದ ಬೇರೆಯವರ ಕೈಕೆಳಗೆ ಪೆಟ್ಟಿಗೆ ಎಣಿಸುತ್ತಿದ್ದವನಿಗೆ ಇಂಥ ಅದೃಷ್ಟ ಎರಡನೇ ಸಲ ಬರುವುದಿಲ್ಲ. ಬೀದಿಯವರು ಅವನನ್ನು ಸಾಧು ಎಂದೇ ಕರೆಯುತ್ತಿದ್ದರು. ಯಾರು ಏನು ಕೇಳಿದರೂ ಇಲ್ಲ ಎನ್ನಲು ಬಾರದ ಪ್ರಾಣಿ. ಮದುವೆಯಾಗಿರಲಿಲ್ಲ. ಮನೆಯಲ್ಲಿ ಅಪ್ಪ, ಅಮ್ಮ, ಇವನು, ಮೂರೇ ಜನ.

ಅಮ್ಮ ಒಂದೇ ಷರತ್ತು ಹಾಕಿದಳು. "ಹೋಗು, ಬೇಡ ಅನ್ನಲ್ಲ. ಆದ್ರೆ ದಿನಾ ಸಂಜೆ ನಿನ್ನ ಮುಖ ಕಾಣಬೇಕು. ಬರೀ ದನಿ ಕೇಳಿದ್ರೆ ನೀನು ಉಂಡಿದ್ಯೋ ಇಲ್ವೋ ನನಗೆ ಗೊತ್ತಾಗಲ್ಲ."

ಹಾಗಾಗಿ ಸಾಧು ಗುರುವಾರ ರಜೆ ಹಾಕಿದ. ತಂದೆತಾಯಿಗೆಂದು ಹೊಸ ಫೋನು ತಂದು, ಮನೆಯ ಹಳೇ ಫೋನಿನ ಸಿಮ್ಮನ್ನೇ ಅದಕ್ಕೆ ಹಾಕಿದ. ಐದು ಗಂಟೆಯೊಳಗೆ ಇಬ್ಬರಿಗೂ ವಿಡಿಯೋ ಕರೆ ಕಲಿಸಿಬಿಟ್ಟರೆ ಮ್ಯಾನೇಜರಿಗೆ ಹೂಂ ಎನ್ನಬಹುದು. ಕತ್ತೆಗೂ ಕಲಿಸಬಹುದಾದ ವಿದ್ಯೆ ಎಂದುಕೊಂಡಿದ್ದ.

ಅಪ್ಪ ಗಿರಣಿಯ ಗೇಟಿನಲ್ಲಿ ಮೂವತ್ತೆಂಟು ವರ್ಷ ಕಾವಲುಗಾರರಾಗಿದ್ದವರು. ಮಾಲೀಕನ ಅಳಿಯನನ್ನೇ ಚೀಟಿ ಇಲ್ಲವೆಂದು ಬಿಸಿಲಲ್ಲಿ ನಿಲ್ಲಿಸಿದವರು. ಇಂಟರ್ನೆಟ್ಟಿನ ಪಾಠಕ್ಕೂ ಗೆರೆ ಹಾಕಿದ ಪುಸ್ತಕ, ಕಿವಿಯ ಮೇಲೊಂದು ಪೆನ್ಸಿಲ್ ಸಮೇತ ಕೂತರು. ಕ್ಯಾಮೆರಾ ಬಳಸಲು ಅನುಮತಿ ನೀಡುವಿರಾ ಎಂದು ಫೋನು ಕೇಳಿತು.

"ಯಾಕಂತೆ?" ಎಂದರು ಅಪ್ಪ.

"ನಿಮ್ಮ ಮುಖ ತೋರಿಸೋಕೆ."

"ಯಾರಿಗೆ?"

"ನನಗೇ ಅಪ್ಪ."

"ನೀನು ಇಲ್ಲೇ ಇದ್ದೀಯಲ್ಲ." ಅನುಮತಿ ನಿರಾಕರಿಸಿದರು. ಆಮೇಲೆ ಪರಿಚಯದವರ ನಂಬರುಗಳನ್ನು ನೋಡಬಹುದೇ ಎಂದು ಕೇಳಿತು. "ನಮ್ಮ ನೆಂಟರ ಪಟ್ಟಿ ಇವನಿಗ್ಯಾಕೆ, ಇವನ ಮನೇಲಿ ಮದುವೆ ಇದೆಯಾ?" ಅದನ್ನೂ ನಿರಾಕರಿಸಿ, ಪುಸ್ತಕದಲ್ಲಿ ಬರೆದುಕೊಂಡರು: ೯.೪೦. ಕ್ಯಾಮೆರಾ ಕೇಳಿ ಬಂದಿತ್ತು. ಕಾರಣ ಸರಿ ಇಲ್ಲ. ವಾಪಸ್ ಕಳಿಸಿದೆ.

ಹತ್ತೂವರೆಯ ಹೊತ್ತಿಗೆ ಫೋನು ಬಾಯಿ ಹೊಲಿಸಿಕೊಂಡ ಗೋಣಿಚೀಲದಂತೆ ಬಿದ್ದಿತ್ತು.

ಸಾಧು ಅದನ್ನು ಅಮ್ಮನ ಕೈಗೆ ಕೊಟ್ಟ. ಅಮ್ಮ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಕೇಳಿದವರಿಗೆ ನೀರು, ಕೇಳದವರಿಗೂ ಹೊದಿಕೆ. "ಪಾಪ, ಅಷ್ಟು ಕೇಳ್ತಿದೆ, ಕೊಟ್ಟುಬಿಡೋಣ" ಎಂದು ಎಲ್ಲದಕ್ಕೂ ಸರಿ ಒತ್ತಿದಳು. ಹತ್ತೇ ನಿಮಿಷದಲ್ಲಿ ಫೋನಿನೊಳಗೆ ಕುದುರೆ ಓಡಿಸುವ ಆಟ, ತೋಳು ದಪ್ಪ ಮಾಡುವ ವ್ಯಾಯಾಮ, ಕಾಡುಪ್ರಾಣಿಗಳ ಕೂಗು ಎಲ್ಲ ಬಂದು ಕೂತವು. ಅಪ್ಪ ಸ್ನಾನದ ಮನೆಯಲ್ಲಿದ್ದಾಗ ಸಿಂಹ ಗರ್ಜಿಸಿತು. ಅವರು ಟವೆಲ್‌ನಲ್ಲೇ ಕೋಲು ಹಿಡಿದು ಹೊರಬಂದರು.

"ನೀನು ಹೀಗೆ ಬಾಗಿಲು ಹಾರುಹೊಡೆದು ಇಟ್ರೆ ನಾಳೆ ಆನೆನೂ ನುಗ್ಗುತ್ತೆ" ಎಂದು ಗದರಿ, ಫೋನಿಗೆ ಗುಟ್ಟಿನ ನಂಬರಿನ ಬೀಗ ಜಡಿದರು. ನಂಬರು ಮಾತ್ರ ಹೇಳಲೊಲ್ಲರು.

"ನಲವತ್ತೈದು ವರ್ಷ ಸಂಸಾರ ಮಾಡಿದ್ದೀನಿ, ನನಗೂ ಹೇಳಲ್ವಂತೆ ಕಣೋ" ಎಂದಳು ಅಮ್ಮ.

"ಯಾರಿಗೂ ಹೇಳಬಾರದು ಅಂತ ನಿನ್ನ ಮಗನೇ ಬೆಳಿಗ್ಗೆ ಪಾಠ ಹೇಳಿದ್ದು."

ಜಗಳ ಬೇಡವೆಂದು ಸಾಧು ಅಪ್ಪನಿಂದಲೇ ಬೀಗ ತೆಗೆಸಿ ಅಮ್ಮನ ಹೆಬ್ಬೆರಳಿನ ಗುರುತು ಹಾಕಲು ನೋಡಿದ. ಫೋನು ಒಪ್ಪಲಿಲ್ಲ. ಒರೆಸಿ ಇಟ್ಟರೂ ಒಪ್ಪಲಿಲ್ಲ, ತೋರುಬೆರಳಿಗೂ ಒಪ್ಪಲಿಲ್ಲ. ಇಪ್ಪತ್ತೈದು ವರ್ಷ ಸೋಪಿನ ನೀರಲ್ಲಿ ನೆಲ ಉಜ್ಜಿದ ಬೆರಳಿನಲ್ಲಿ ಗೆರೆಗಳೇ ಉಳಿದಿರಲಿಲ್ಲ. ಅಪ್ಪ ಆ ಬೆರಳುಗಳನ್ನು ಹಿಡಿದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅವಳ ಕಿವಿಗೆ ಬಾಯಿಟ್ಟು ನಂಬರು ಹೇಳಿದರು. ಅಮ್ಮ ಹೊಸ ಮದುವಣಗಿತ್ತಿಯಂತೆ ನಕ್ಕಳು. ಮಗನಿಗೆ ಇಬ್ಬರೂ ಹೇಳಲಿಲ್ಲ.

ಮಧ್ಯಾಹ್ನ ಎದುರುಮನೆಯ ದರ್ಜಿ ಕರೆಯದೆ ಬಂದ. ಬೀದಿಯಲ್ಲಿ ಯಾವ ಮಡಕೆ ಒಡೆದರೂ ಅವನಿಗೆ ಮೊದಲು ಕೇಳಿಸುತ್ತದೆ. "ಪಕ್ಕದಲ್ಲೇ ಕೂತು ಕಲಿಸಿದ್ರೆ ಯಾವ ಕಾಲಕ್ಕೆ ಕಲೀತಾರೆ? ಎದುರಿಗೇ ಇರೋ ನನ್ನಂಗಡಿಗೆ ಬಾ, ಅಲ್ಲಿಂದ ಕರೆ ಮಾಡು" ಎಂದ. ಸಾಧುವಿಗೆ ಇಲ್ಲ ಎನ್ನಲು ಬರಬೇಕಲ್ಲ, ಎದ್ದು ಹೋದ.

ಮೊದಲ ಕರೆ ಅಪ್ಪ ಕತ್ತರಿಸಿದರು. ಎರಡನೆಯದನ್ನೂ ಕತ್ತರಿಸಿ ಕಿಟಕಿಗೆ ಬಂದರು. "ಯಾರೋ ನಿನ್ನ ಹೆಸರು ಹೇಳಿಕೊಂಡು ಫೋನ್ ಮಾಡ್ತಿದ್ದಾರೆ. ನೀನೇ ಏನೋ?"

"ನಾನೇ ಅಪ್ಪ."

"ಮೊದಲೇ ಬಂದು ಹೇಳೋಕೇನು?"

ಮೂರನೆಯದಕ್ಕೆ ಎತ್ತಿಕೊಂಡು ಕಿವಿಗೆ ಒತ್ತಿ ಹಿಡಿದರು. ಪರದೆಯ ತುಂಬ ಅಪ್ಪನ ಕಿವಿ. ಒಳಗಿನ ಬಿಳಿ ಕೂದಲು, ಪೆನ್ಸಿಲ್ ಸಿಕ್ಕಿಸಿ ಸಿಕ್ಕಿಸಿ ಆದ ಗುಳಿ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅದನ್ನು ಅವನು ನೋಡಿರಲಿಲ್ಲ. ಆಮೇಲೆ ಅಮ್ಮ ಹಿಡಿದಳು. ಮಗನ ಮುಖ ಕಂಡೊಡನೆ, "ಎಷ್ಟು ಸೊರಗಿದ್ದೀಯೋ" ಎಂದು ಪರದೆಯ ಮೇಲೆ ಕೆನ್ನೆ ಸವರಿದಳು. ಬೆರಳು ಕೆಂಪು ಗುಂಡಿಗೆ ತಗುಲಿ ಕರೆ ಕಡಿದುಹೋಯಿತು. ಏಳು ಸಲ ಮಾಡಿದ, ಏಳು ಸಲವೂ ಸವರಿದಳು. ಎಂಟನೆಯ ಸಲ ಅಪ್ಪ ಅವಳ ಕೈ ಹಿಡಿದುಕೊಂಡು ಕೂತರು. ಪೂರಾ ಐದು ನಿಮಿಷ ಮಾತಾಯಿತು. ಗೆದ್ದೆ ಎಂದುಕೊಂಡ ಸಾಧು. ಆಗಲೇ ಅವನ ಫೋನಿನ ಚಾರ್ಜು ಮುಗಿದು ಉಸಿರು ನಿಂತಿತು. ಗಂಟೆ ನಾಲ್ಕೂವರೆ.

"ಇಲ್ಲೇ ಚಾರ್ಜಿಗೆ ಹಾಕು" ಎಂದ ದರ್ಜಿ. "ಅಷ್ಟರಲ್ಲಿ ಈ ಕೋಟು ಸ್ವಲ್ಪ ಹಾಕ್ಕೊಂಡು ನಿಂತ್ಕೊ. ಗಿರಾಕಿದು ನಿನ್ನದೇ ಮೈಕಟ್ಟು." ಒಂದೇ ತೋಳಿನ ಕೋಟು ತೊಡಿಸಿ ಸುತ್ತಲೂ ಗುಂಡುಸೂಜಿ ಚುಚ್ಚಿದ. ಅಲ್ಲಾಡಿದರೆ ಪಕ್ಕೆಗೆ, ಉಸಿರೆಳೆದರೆ ಹೊಟ್ಟೆಗೆ ಸೂಜಿ. ಬೆದರುಬೊಂಬೆಯಂತೆ ನಿಂತವನು ಗೋಡೆಯ ಗಡಿಯಾರ ನೋಡಿದಾಗ ಐದು ಹತ್ತು. ಚಾರ್ಜರಿನ ಸ್ವಿಚ್ಚನ್ನೇ ದರ್ಜಿ ಹಾಕಿರಲಿಲ್ಲ. ಸಾಧು ಕೋಟಿನಲ್ಲೇ ಓಡಿದ.

ಅವನ ಫೋನು ಸಿಗದೆ ಮ್ಯಾನೇಜರು ಕಚೇರಿಯಲ್ಲಿ ಬರೆಸಿದ್ದ ಮನೆಯ ನಂಬರಿಗೆ ವಿಡಿಯೋ ಕರೆ ಮಾಡಿದ್ದರು. ಅಪ್ಪ ಫೋನನ್ನು ಡಬ್ಬಿಗೆ ಒರಗಿಸಿ, ಪುಸ್ತಕ ತೆರೆದು ಬೆನ್ನು ನೆಟ್ಟಗೆ ಕೂತಿದ್ದರು. ಪರದೆಯಲ್ಲಿ ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತಿದ್ದರು.

"ಸಾರ್, ಕ್ಷಮಿಸಿ, ಅಪ್ಪನಿಗೆ ಗೊತ್ತಾಗಲಿಲ್ಲ" ಎಂದ ಸಾಧು.

"ಸುಮ್ನಿರಯ್ಯ. ಹತ್ತು ನಿಮಿಷದಿಂದ ವಿಚಾರಣೆ ನಡೀತಿದೆ. ಗುರುತಿನ ಚೀಟಿ ತೋರಿಸು ಅಂದ್ರು, ತೋರಿಸ್ದೆ. ಹೊರಗೆ ಹೋಗಿ ಗೋದಾಮಿನ ಬೋರ್ಡು ತೋರಿಸು ಅಂದ್ರು, ತೋರಿಸ್ದೆ. ನಿಮ್ಮ ಹಿಂದಿನ ಬಾಗಿಲು ಯಾಕೆ ತೆರೆದಿದೆ ಅಂತ ಬೈದ್ರು. ತಿರುಗಿ ನೋಡಿದ್ರೆ ನಿಜವಾಗ್ಲೂ ತೆರೆದಿತ್ತು."

"ನಾನು ಬರ್ತೀನಿ ಸಾರ್. ಮನೇಲಿ ಎಲ್ಲ ಸರಿಹೋಯ್ತು."

"ನೀನ್ಯಾಕೆ?" ಎಂದರು ಮ್ಯಾನೇಜರು. "ಇಲ್ಲಿಗೆ ಬೇಕಾಗಿರೋದು ಇಲ್ಲ ಅನ್ನೋಕೆ ಬರೋ ಮನುಷ್ಯ. ಹನ್ನೊಂದು ವರ್ಷದಲ್ಲಿ ನಿನ್ನ ಬಾಯಲ್ಲಿ ಆ ಮಾತು ನಾನು ಕೇಳಿಲ್ಲ. ಯಜಮಾನರೇ, ಉಸ್ತುವಾರಿ ನೀವೇ ನೋಡ್ಕೊಳ್ಳಿ. ಎರಡು ಕೋಣೆ ಮನೆ ಇದೆ, ಅಮ್ಮಾವ್ರನ್ನೂ ಕರ್ಕೊಂಡು ಬನ್ನಿ. ಇವನು ಇದ್ದಲ್ಲೇ ಇರಲಿ."

ಸಾಧು ಆಸೆಯಿಂದ ಅಪ್ಪನ ಮುಖ ನೋಡಿದ. ಲೋಕಕ್ಕೆಲ್ಲ ಇಲ್ಲ ಎಂದವರು, ಮ್ಯಾನೇಜರಿಗೂ ಅನ್ನಬಹುದು. ಅಪ್ಪ ಅಮ್ಮನ ಕಡೆ ನೋಡಿದರು.

"ಪಾಪ, ಅಷ್ಟು ಕೇಳ್ತಿದ್ದಾರೆ" ಎಂದಳು ಅಮ್ಮ.

ಅಪ್ಪ ಬರೆದುಕೊಂಡರು: ೫.೨೨. ಕೆಲಸ ಬಂದಿತ್ತು. ಕಾರಣ ಸರಿ ಇದೆ. ಒಳಗೆ ಬಿಟ್ಟೆ.

ಕತ್ತಲಾಗುವ ಹೊತ್ತಿಗೆ ಒಳಕೋಣೆಯಲ್ಲಿ ಟ್ರಂಕು ತುಂಬುವ ಸದ್ದು ಕೇಳುತ್ತಿತ್ತು. ಸಾಧು ಅಡುಗೆಮನೆಯಲ್ಲಿ ಪಕ್ಕೆಯ ಸೂಜಿಗಾಯ ಸವರುತ್ತ ನಿಂತಿದ್ದ. ದರ್ಜಿಯ ಅಂಗಡಿಯಿಂದ ತಂದು ಚಾರ್ಜಿಗೆ ಹಾಕಿದ್ದ ಅವನ ಫೋನು ಬಡಿದುಕೊಂಡಿತು. ಅಪ್ಪ, ವಿಡಿಯೋದಲ್ಲಿ.

"ಒಳಗೇ ಇದ್ದೀರಲ್ಲಪ್ಪ."

"ಸೋಮವಾರದಿಂದ ಇರಲ್ಲ. ಒಬ್ಬನೇ ಇರೋದು ಹೇಗೆ ಅಂತ ಈಗಲೇ ಕಲಿ. ಒಲೆ ತೋರಿಸು. ಹಿತ್ತಲ ಚಿಲಕ ತೋರಿಸು."

ತೋರಿಸಿದ. ಅಪ್ಪನ ಭುಜದ ಪಕ್ಕ ಅಮ್ಮನ ಮುಖ ತೂರಿಕೊಂಡು ಬಂತು. ಎರಡು ಕೈಗಳನ್ನೂ ಸೆರಗಿನೊಳಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಮಗನನ್ನು ತುಸು ಹೊತ್ತು ದಿಟ್ಟಿಸಿ ನೋಡಿದಳು.

"ಇವನು ಉಂಡಿಲ್ಲ" ಎಂದಳು.

ಆ ಮಾತು ಅವನಿಗೆ ಎರಡು ಸಲ ಕೇಳಿಸಿತು. ಮೊದಲು ಗೋಡೆಯ ಆಚೆಯಿಂದ, ಆಮೇಲೆ ಫೋನಿನಿಂದ.